ಹೊಣೆಯೆಲ್ಲ ಸಂಪಾದಕರದು, ಅಧಿಕಾರ ಯಾರದು? ಮುಂಬಯಿಯಿಂದ ಕಂಡ ವೈದ್ಯಕೀಯ ಪತ್ರಿಕೆಗಳ ಸ್ಥಿತಿ

2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆ ಉಕ್ಕಿ ಹರಿಯುತ್ತಿದ್ದಾಗ, ಗೋವಾ ಸರ್ಕಾರ ಹದಿನೆಂಟು ದಾಟಿದ ಎಲ್ಲರಿಗೂ ಮುನ್ನೆಚ್ಚರಿಕೆಯಾಗಿ, ಹುಳುಬಾಧೆಗೆ ಕೊಡುವ ಐವರ್ಮೆಕ್ಟಿನ್ ಮಾತ್ರೆ ಕೊಡುವುದಾಗಿ ಸಾರಿತು. ದಿನಕ್ಕೆ 12 ಮಿಲಿಗ್ರಾಂ, ಐದು ದಿನ. ವಾಸ್ಕೋ, ಝುವಾರಿನಗರಗಳಲ್ಲಿ ದುಡಿಯುವ ಗದಗ, ಬಾಗಲಕೋಟೆ ಕಡೆಯ ನಮ್ಮವರಿಗೂ ಸುದ್ದಿ ಮುಟ್ಟಿತು. ಮುಂಬಯಿಯ ಕನ್ನಡ ಸಂಘಗಳ ವಾಟ್ಸಾಪ್ ಗುಂಪುಗಳಲ್ಲೂ ಅದೇ ಮಾತು. ವಿಶ್ವ ಆರೋಗ್ಯ ಸಂಸ್ಥೆ ಮಾರ್ಚ್ ಕೊನೆಯಲ್ಲೇ, ರೋಗಿಗಳ ಮೇಲೆ ಕ್ರಮಬದ್ಧವಾಗಿ ನಡೆಸುವ ಕ್ಲಿನಿಕಲ್ ಟ್ರಯಲ್‌ಗಳ ಹೊರಗೆ ಕೋವಿಡ್‌ಗೆ ಇದನ್ನು ಬಳಸಬೇಡಿ ಎಂದಿತ್ತು. ಆದರೆ ಆ ದಿನಗಳಲ್ಲಿ ಮಾತ್ರೆಯ ಪರವಾಗಿ ಓಡಾಡುತ್ತಿದ್ದ ಪುರಾವೆಗಳೂ ಕಡಿಮೆ ಇರಲಿಲ್ಲ. ಅವುಗಳಲ್ಲಿ ದೊಡ್ಡದೊಂದು ಈಜಿಪ್ಟಿನಿಂದ ಬಂದ ಅಧ್ಯಯನ. 2020ರ ನವೆಂಬರ್‌ನಲ್ಲಿ ಯಾವ ಸಂಪಾದಕರ ಮೇಜಿಗೂ ಹೋಗದೆ ಪ್ರಿಪ್ರಿಂಟ್ ಆಗಿ ಜಾಲತಾಣಕ್ಕೆ ಏರಿದ ಬರಹ ಅದು. ಲಂಡನ್ನಿನ ಒಬ್ಬ ವಿದ್ಯಾರ್ಥಿ ಕುಳಿತು ಅದರ ಅಂಕಿಅಂಶ ತಡಕಿದಾಗ, ಅಧ್ಯಯನ ಶುರುವಾಗುವ ಮೊದಲೇ ತೀರಿಕೊಂಡಿದ್ದ ರೋಗಿಗಳೂ ಲೆಕ್ಕದಲ್ಲಿ ಸೇರಿದ್ದು ಕಂಡಿತು. 2021ರ ಜುಲೈನಲ್ಲಿ ಅದನ್ನು ತೆಗೆದುಹಾಕಿದರು. ಅಷ್ಟರಲ್ಲಿ ಅದೇ ಅಂಕಿಗಳನ್ನು ಕೂಡಿಸಿ ಬರೆದ ಪ್ರಬಂಧಗಳು, ಸಂಪಾದಕರ ಕೈದಾಟಿಯೇ, ಹೆಸರುಳ್ಳ ಪತ್ರಿಕೆಗಳಲ್ಲಿ ಅಚ್ಚಾಗಿದ್ದವು.

ಈ ಕೊನೆಯ ಸಂಗತಿಯೇ ನನ್ನನ್ನು ಹೆಚ್ಚು ಕಾಡುವುದು. ಪ್ರಿಪ್ರಿಂಟ್‌ಗೆ ಕಾವಲಿಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಕಾವಲಿದ್ದ ಕಡೆಯೂ ಸುಳ್ಳು ಲೆಕ್ಕ ಒಳಗೆ ಬಂತಲ್ಲ, ಆ ಕಾವಲಿನವರ ಕೆಲಸ ನಿಜಕ್ಕೂ ಏನು, ಅದನ್ನು ಮಾಡಲು ಅವರ ಕೈಯಲ್ಲಿ ಏನಿದೆ ಎಂದು ನಾವು ಕೇಳಿಕೊಳ್ಳಬೇಕು. ವೈದ್ಯಕೀಯ ಸಂಶೋಧನಾ ಪತ್ರಿಕೆಯನ್ನು ರೋಗಿ ಓದುವುದಿಲ್ಲ. ಓದುವ ಡಾಕ್ಟರು ಬರೆಯುವ ಚೀಟಿ ಮಾತ್ರ ರೋಗಿಯ ಕೈಗೆ ಬರುತ್ತದೆ. ಸಂಪಾದಕರು ಕಣ್ಣು ಮುಚ್ಚಿದರೆ ಅದರ ಬೆಲೆ ತೆರುವವರು ಆ ಪತ್ರಿಕೆಯ ಹೆಸರನ್ನೂ ಕೇಳಿರದ ಜನ.

ನಾನು ಇದನ್ನು ಹೊರಗೆ ನಿಂತು ಹೇಳುತ್ತಿಲ್ಲ. ಮುಂಬಯಿಯಲ್ಲಿ ವೈದ್ಯಕೀಯ ಹಸ್ತಪ್ರತಿಗಳನ್ನು ತಿದ್ದಿ ಅಚ್ಚಿಗೆ ಸಿದ್ಧಪಡಿಸುವುದೇ ನನ್ನ ವೃತ್ತಿ. ಈ ಊರು ಅಂಥ ಕೆಲಸಕ್ಕೆ ಹಳೆಯ ಊರು. ಪರೇಲಿನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜು ಮತ್ತು ಕೆಇಎಂ ಆಸ್ಪತ್ರೆಯ ಅಧ್ಯಾಪಕರು ‘ಜರ್ನಲ್ ಆಫ್ ಪೋಸ್ಟ್‌ಗ್ರ್ಯಾಜುಯೇಟ್ ಮೆಡಿಸಿನ್’ ಶುರು ಮಾಡಿದ್ದು 1955ರಲ್ಲಿ. ಲೇಖಕರಿಂದ ಕಾಸು ತೆಗೆದುಕೊಳ್ಳದೆ, ಓದುಗರಿಗೆ ಬಿಟ್ಟಿಯಾಗಿ ಸಿಗುವಂತೆ ಅದನ್ನು ನಡೆಸಿಕೊಂಡು ಬಂದಿದ್ದಾರೆ. ವೈದ್ಯಕೀಯ ನೀತಿಗೆಂದೇ ಮೀಸಲಾದ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್’ ಕೂಡ 1993ರಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿದ್ದು. ನಮ್ಮ ಕಡೆಯಿಂದ ಬಂದು ಮಾಟುಂಗಾ, ಸಯನ್, ಮುಲುಂಡ್‌ಗಳಲ್ಲಿ ನೆಲೆ ನಿಂತ ಎಷ್ಟೋ ಕನ್ನಡಿಗ ಡಾಕ್ಟರುಗಳು ಇಂಥ ಪತ್ರಿಕೆಗಳಿಗೆ ಬರೆದವರು, ಇವುಗಳ ಪ್ರಬಂಧಗಳನ್ನು ಪರಿಶೀಲಿಸಿಕೊಟ್ಟವರು. ಸಂಬಳವಿಲ್ಲದ ದುಡಿಮೆ ಅದು. ಬೆಳಿಗ್ಗೆ ಒಪಿಡಿ, ಮಧ್ಯಾಹ್ನ ಪಾಠ, ವಾರ್ಡಿನ ಸುತ್ತು ಮುಗಿಸಿ, ಲೋಕಲ್ ಹಿಡಿದು ಮನೆ ಸೇರಿ, ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದರೆ ಅಲ್ಲಿಂದ ಸಂಪಾದಕರ ದಿನ ಆರಂಭ.

ಹೊರಗಿನವರು ಸಂಪಾದಕರೆಂದರೆ ಭಾಷೆ ತಿದ್ದುವವರು ಎಂದುಕೊಳ್ಳುತ್ತಾರೆ. ಭಾಷೆ ಕೊನೆಯ ಮಾತು. ಮೊದಲು ನೋಡಬೇಕಾದದ್ದು ಈ ಅಧ್ಯಯನ ನಿಜವಾಗಿ ನಡೆದಿದೆಯೇ, ರೋಗಿಗಳನ್ನು ಕೇಳಿ ನಡೆದಿದೆಯೇ ಎಂಬುದನ್ನು. ಒಂದು ಹಸ್ತಪ್ರತಿ ಬಂದಿತೆನ್ನಿ: ಬಸುರಿಯರಲ್ಲಿ ರಕ್ತಹೀನತೆಗೆ ಎರಡು ಬಗೆಯ ಕಬ್ಬಿಣದ ಚುಚ್ಚುಮದ್ದು ಹೋಲಿಸಿದ ಅಧ್ಯಯನ. ಅಧ್ಯಯನಕ್ಕೆ ಮುಂಚೆ ಅನುಮತಿ ಕೊಡಬೇಕಾದ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರ ಲಗತ್ತಿಸಿದ್ದಾರೆ. ಪತ್ರದ ತಾರೀಖು ನೋಡಿದರೆ, ಮೊದಲ ರೋಗಿಯನ್ನು ಸೇರಿಸಿಕೊಂಡ ನಾಲ್ಕು ತಿಂಗಳ ನಂತರದ್ದು. ಟ್ರಯಲ್ ನೋಂದಣಿ ಸಂಖ್ಯೆ ಕೊಟ್ಟಿದ್ದಾರೆ. ನೋಂದಣಿಯ ತಾಣ ತೆರೆದು ನೋಡಿದರೆ ಅಲ್ಲಿ ಬರೆದ ಮುಖ್ಯ ಫಲಿತಾಂಶವೇ ಬೇರೆ, ಪ್ರಬಂಧದಲ್ಲಿ ಹೇಳಿದ್ದೇ ಬೇರೆ. ಇನ್ನು ಮೊದಲ ಕೋಷ್ಟಕ. ಇಪ್ಪತ್ತು ತಾಯಂದಿರ ಒಂದು ಗುಂಪಿನಲ್ಲಿ ಹಿಂದಿನ ಹೆರಿಗೆಗಳ ಸರಾಸರಿ 2.33 ಎಂದು ಬರೆದಿದೆ. ಹೆರಿಗೆ ಅರ್ಧ, ಮುಕ್ಕಾಲು ಆಗುವುದಿಲ್ಲ. ಪೂರ್ಣ ಸಂಖ್ಯೆಗಳನ್ನು ಕೂಡಿಸಿ ಇಪ್ಪತ್ತರಿಂದ ಭಾಗಿಸಿದರೆ 2.30 ಬರಬಹುದು, 2.35 ಬರಬಹುದು. 2.33 ಬರಲು ದಾರಿಯೇ ಇಲ್ಲ. ಅಂದರೆ ಒಂದೋ ಟೈಪಿಂಗ್ ತಪ್ಪು, ಒಂದೋ ಇಬ್ಬರು ತಾಯಂದಿರನ್ನು ಹೇಳದೆ ಬಿಟ್ಟಿದ್ದಾರೆ, ಇಲ್ಲವೇ ಆ ತಾಯಂದಿರೇ ಇಲ್ಲ.

ಈ ಮೂರರಲ್ಲಿ ಯಾವುದು ಎಂದು ತಿಳಿಯಲು ಮೂಲ ದಾಖಲೆ ಕೇಳಬೇಕು. ಕೇಳುವುದು ಸಂಪಾದಕರ ಹಕ್ಕು ಮಾತ್ರವಲ್ಲ, ಕರ್ತವ್ಯ. ಆದರೆ ಸಂಪಾದಕರು ಬರೆಯುವ ಮೂರು ಸಾಲಿನ ನಯವಾದ ಪತ್ರಕ್ಕೆ ಉತ್ತರ ಬರದಿದ್ದರೆ ಮುಂದೇನು? ಪ್ರಬಂಧ ತಿರಸ್ಕರಿಸಬಹುದು, ಅಷ್ಟೇ. ಅದು ಮಾರನೆಯ ವಾರ ಇನ್ನೊಂದು ಪತ್ರಿಕೆಗೆ ಹೋಗುತ್ತದೆ, ಆ ಸಲ ಸರಾಸರಿ 2.35 ಆಗಿರುತ್ತದೆ.

ಇಷ್ಟೊಂದು ಹಸ್ತಪ್ರತಿಗಳು ಯಾಕೆ ಬರುತ್ತವೆ ಎಂಬುದರ ಬೇರು ಮೆಡಿಕಲ್ ಕಾಲೇಜುಗಳ ಬಡ್ತಿ ನಿಯಮದಲ್ಲಿದೆ. ಅಸೋಸಿಯೇಟ್ ಪ್ರೊಫೆಸರ್, ಪ್ರೊಫೆಸರ್ ಆಗಬೇಕಾದರೆ ಇಂತಿಷ್ಟು ಪ್ರಬಂಧ ಬೇಕು. ಆಗಿನ ಭಾರತೀಯ ವೈದ್ಯಕೀಯ ಮಂಡಳಿ 2015ರಲ್ಲಿ ಇದನ್ನು ಇನ್ನಷ್ಟು ಬಿಗಿಗೊಳಿಸಿ, ಮೊದಲ ಮತ್ತು ಎರಡನೆಯ ಲೇಖಕರಿಗೆ ಮಾತ್ರ ಅಂಕ, ಇ-ಜರ್ನಲ್‌ಗಳಿಗೆ ಬೆಲೆ ಇಲ್ಲ ಎಂದಿತು. ಸಂಪಾದಕರೇ ಸೇರಿ ಇದನ್ನು ವಿರೋಧಿಸಿ ಬರೆದರು. ನಂತರದ ವರ್ಷಗಳಲ್ಲಿ ನಿಯಮ ಸಡಿಲವಾಯಿತು. ಆದರೆ ಪ್ರಬಂಧವೆಂದರೆ ಬಡ್ತಿಯ ಮೆಟ್ಟಿಲು ಎಂಬ ಭಾವನೆ ಹೋಗಲಿಲ್ಲ. ದಿನಕ್ಕೆ ನೂರು ರೋಗಿಗಳನ್ನು ನೋಡುವ, ಚೆನ್ನಾಗಿ ಪಾಠ ಹೇಳುವ ಡಾಕ್ಟರಿಗೆ ಸಂಶೋಧನೆಗೆ ಬೇಕಾದ ಸಮಯ, ಹಣ, ತರಬೇತಿ ಏನನ್ನೂ ಕೊಡದೆ ಪ್ರಬಂಧ ಮಾತ್ರ ತಂದುಕೊಡು ಎಂದರೆ ಅವರು ಎಲ್ಲಿಂದ ತರಬೇಕು? ಹೆಸರು ಸೇರಿಸುವ ಜಗಳಗಳೂ ಇಲ್ಲೇ ಹುಟ್ಟುತ್ತವೆ. ವಿದ್ಯಾರ್ಥಿಯ ಥೀಸಿಸ್‌ನಿಂದ ಬಂದ ಪ್ರಬಂಧ. ಒಪ್ಪಿಗೆಯಾದ ಮೇಲೆ, ಲೇಖಕರ ಕ್ರಮ ಬದಲಿಸಿ ಎಂದು ಪತ್ರ ಬರುತ್ತದೆ. ವಿದ್ಯಾರ್ಥಿ ಮೊದಲ ಸ್ಥಾನದಿಂದ ನಾಲ್ಕನೆಯದಕ್ಕೆ ಇಳಿದಿರುತ್ತಾನೆ, ವಿಭಾಗದ ಮುಖ್ಯಸ್ಥರು ಮೇಲೆ ಬಂದಿರುತ್ತಾರೆ, ಕೆಳಗೆ ಎಲ್ಲರ ಸಹಿ. ಸಹಿ ಇದೆ ಎಂದು ಸುಮ್ಮನೆ ಒಪ್ಪಿಕೊಳ್ಳುವ ಸಂಪಾದಕರು ತಮ್ಮ ಕೆಲಸ ಮಾಡಿಲ್ಲ ಎಂದೇ ನನ್ನ ಅಭಿಪ್ರಾಯ. ಯಾರು ಯಾವ ಭಾಗದ ಕೆಲಸ ಮಾಡಿದರು ಎಂದು ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಆ ಹುಡುಗ ಅಥವಾ ಹುಡುಗಿಗೆ ಆ ಕಾಲೇಜಿನಲ್ಲಿ ಬಾಯಿ ಬಿಡುವ ಸ್ಥಿತಿ ಇರುವುದಿಲ್ಲ. ಕೇಳುವವರು ಸಂಪಾದಕರೊಬ್ಬರೇ.

ಬೇಡಿಕೆ ಇದ್ದ ಕಡೆ ಅಂಗಡಿ ತೆರೆಯುತ್ತದೆ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕಿಕೊಡುವ ನಕಲಿ ಪತ್ರಿಕೆಗಳು ನಮ್ಮ ದೇಶದಲ್ಲಿ ಬೆಳೆದದ್ದು ಹೀಗೆಯೇ. ಹೈದರಾಬಾದಿನ ಓಮಿಕ್ಸ್ ಎಂಬ ಪ್ರಕಾಶನ ಸಂಸ್ಥೆಗೆ ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರಿಗೂ ಮೀರಿದ ಮೊತ್ತ ಕಟ್ಟುವಂತೆ ಆದೇಶಿಸಿತು. ಪರಿಶೀಲನೆಯೇ ನಡೆಸದೆ ನಡೆಸಿದಂತೆ ಹೇಳಿಕೊಂಡದ್ದು, ಹಣ ಎಷ್ಟೆಂದು ಮೊದಲೇ ತಿಳಿಸದ್ದು ಅದರ ಮೇಲಿನ ಮುಖ್ಯ ಆರೋಪಗಳು. ಅದಕ್ಕೂ ಮೊದಲು, 2013ರಲ್ಲಿ, ಒಬ್ಬ ವಿಜ್ಞಾನ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಒಂದು ಕ್ಯಾನ್ಸರ್ ಔಷಧದ ಪ್ರಬಂಧವನ್ನು 304 ಪತ್ರಿಕೆಗಳಿಗೆ ಕಳಿಸಿ ನೋಡಿದ್ದ. 157 ಒಪ್ಪಿಕೊಂಡವು. ಒಪ್ಪಿಕೊಂಡವುಗಳಲ್ಲಿ ಮುಂಬಯಿಯಿಂದ ಹೊರಡುತ್ತಿದ್ದ ಒಂದು ಔಷಧ ವಿಜ್ಞಾನದ ಪತ್ರಿಕೆಯೂ ಇತ್ತು, ಅದೂ ಅಂತರರಾಷ್ಟ್ರೀಯ ಪ್ರಕಾಶಕರ ಒಡೆತನದ್ದು. ಪ್ರಕಾಶಕರು ಅದನ್ನು ಮುಚ್ಚಿಬಿಟ್ಟರು. ಅಂದರೆ ದೊಡ್ಡ ಹೆಸರಿನ ನೆರಳಿದ್ದರೆ ಸಾಲದು, ಒಳಗೆ ಕುಳಿತು ಓದುವ ಮನುಷ್ಯ ಇರಬೇಕು.

ಇದಕ್ಕೆ ಔಷಧ ಹುಡುಕಲು ಪುಣೆಯಲ್ಲಿ ಒಂದು ಗಟ್ಟಿ ಪ್ರಯತ್ನ ನಡೆಯಿತು. ಯುಜಿಸಿ ‘ಒಪ್ಪಿಗೆ ಪಡೆದ ಪತ್ರಿಕೆಗಳ ಪಟ್ಟಿ’ ಎಂದು ಹೊರಡಿಸಿದ್ದರಲ್ಲಿ, ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿ ಸೇರಿಸಿದ್ದ 1009 ಪತ್ರಿಕೆಗಳನ್ನು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಒಂದೊಂದಾಗಿ ತೂಗಿ ನೋಡಿದರು. ಕನಿಷ್ಠ ಮಟ್ಟ ಮುಟ್ಟಿದ್ದು ನೂರಕ್ಕೆ ಹನ್ನೊಂದರಷ್ಟು. 2018ರ ಮೇನಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆಯಿತು. ಪುಣೆಯಲ್ಲೇ ಕೇಂದ್ರವಿಟ್ಟು ‘ಕೇರ್’ ಎಂಬ ಹೊಸ ಪಟ್ಟಿ 2019ರಲ್ಲಿ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟು, ಪತ್ರಿಕೆಯ ಗುಣಮಟ್ಟ ಅಳೆಯುವ ಹೊಣೆಯನ್ನು ಸಂಸ್ಥೆಗಳಿಗೇ ಒಪ್ಪಿಸಿದರು. ಪಟ್ಟಿಯೊಂದೇ ಪರಿಹಾರವಲ್ಲ ಎಂಬ ವಾದ ಸರಿಯೇ. ಆದರೆ ಹಿಂದೆ ಅದೇ ವಿಶ್ವವಿದ್ಯಾಲಯಗಳ ಶಿಫಾರಸಿನಲ್ಲೇ ನೂರಕ್ಕೆ ಎಂಬತ್ತೊಂಬತ್ತು ಜೊಳ್ಳು ಬಂದಿತ್ತು ಎನ್ನುವುದನ್ನು ಮರೆತು ತೆಗೆದುಕೊಂಡ ತೀರ್ಮಾನ ಅದು ಎಂದು ನನಗನ್ನಿಸುತ್ತದೆ.

ಸಂಪಾದಕರು ಒಗ್ಗಟ್ಟಾಗಿ ನಿಂತರೆ ಏನಾಗಬಹುದು ಎಂಬುದಕ್ಕೂ ನಮ್ಮ ಮುಂದೆ ಉದಾಹರಣೆ ಇದೆ. ಔಷಧ ಕಂಪನಿಗಳು ತಮಗೆ ಅನುಕೂಲವಾದ ಟ್ರಯಲ್‌ಗಳನ್ನು ಪ್ರಕಟಿಸಿ, ಉಳಿದವನ್ನು ಕಪಾಟಿನಲ್ಲಿಡುತ್ತಿದ್ದ ಕಾಲವೊಂದಿತ್ತು. ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಸಾರ್ವಜನಿಕವಾಗಿ ನೋಂದಾಯಿಸದ ಟ್ರಯಲ್‌ಗಳನ್ನು ಅಚ್ಚು ಹಾಕುವುದಿಲ್ಲ ಎಂದು 2004ರಲ್ಲಿ ಘೋಷಿಸಿತು; 2005ರ ಜುಲೈಯಿಂದ ಜಾರಿಗೂ ತಂದಿತು. ಯಾವ ಸರ್ಕಾರದ ಆಜ್ಞೆಯೂ ಇರಲಿಲ್ಲ. ಹನ್ನೆರಡು ಮಂದಿಯಷ್ಟು ಸಂಪಾದಕರು ‘ಇಲ್ಲ’ ಎಂದದ್ದಕ್ಕೆ ಜಗತ್ತಿನ ಔಷಧೋದ್ಯಮ ತಲೆಬಾಗಿತು. ಭಾರತದಲ್ಲಿ ಸಿಟಿಆರ್‌ಐ ನೋಂದಣಿ ತಾಣ 2007ರ ಜುಲೈನಲ್ಲಿ ತೆರೆಯಿತು. ಮರುವರ್ಷ ನಮ್ಮ ಹಲವು ಪತ್ರಿಕೆಗಳ ಸಂಪಾದಕರು ಸೇರಿ ತಾವೂ ಇದೇ ನಿಯಮಕ್ಕೆ ಬದ್ಧ ಎಂದರು. 2009ರ ಜೂನ್‌ನಿಂದ ಸರ್ಕಾರ ನೋಂದಣಿಯನ್ನು ಕಡ್ಡಾಯ ಮಾಡಿತು. ಈಗ ಯಾರು ಬೇಕಾದರೂ, ಡೊಂಬಿವಲಿಯ ಮನೆಯಲ್ಲಿ ಕುಳಿತ ಗೃಹಿಣಿಯೂ, ಆ ತಾಣ ತೆರೆದು ತನ್ನ ಆಸ್ಪತ್ರೆಯಲ್ಲಿ ಯಾವ ಟ್ರಯಲ್ ನಡೆಯುತ್ತಿದೆ ಎಂದು ನೋಡಬಹುದು.

ಎಡವಿದ ಕಥೆಯೂ ಮುಂಬಯಿಯದೇ ಇದೆ. 2018ರ ಏಪ್ರಿಲ್ ಕೊನೆಯಲ್ಲಿ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್’ ಒಂದು ಬರಹ ಪ್ರಕಟಿಸಿತು. ಸ್ವೀಡನ್ನಿನಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಹೆಚ್ಚಿದೆ, ಅದಕ್ಕೂ ಅದನ್ನು ತಡೆಯಲೆಂದೇ ಕೊಡುವ ಎಚ್‌ಪಿವಿ ಲಸಿಕೆಗೂ ನಂಟಿರಬಹುದು ಎಂಬುದು ಅದರ ಸಾರ. ಲೇಖಕರ ಹೆಸರಿನ ಕೆಳಗೆ ಸ್ಟಾಕ್‌ಹೋಮಿನ ಹೆಸರಾಂತ ಕರೋಲಿನ್‌ಸ್ಕಾ ಸಂಸ್ಥೆಯ ವಿಳಾಸವಿತ್ತು. ಅಂಥವರು ನಮ್ಮಲ್ಲಿಲ್ಲ ಎಂದು ಆ ಸಂಸ್ಥೆ ಹೇಳಿತು. ಕೇಳಿದಾಗ ಲೇಖಕ ತಾನು ಬರೆದದ್ದು ಸುಳ್ಳು ಹೆಸರಿನಲ್ಲಿ, ನಿಜ ಹೇಳಿದರೆ ತನಗೆ ಅಪಾಯ ಎಂದ. ಸಂಪಾದಕರು ಮೊದಲು ವಿಳಾಸ ತೆಗೆದು, ಗುಪ್ತನಾಮವೆಂದು ಸೂಚಿಸಿ ಬರಹವನ್ನು ಉಳಿಸಿಕೊಂಡರು. ವಿಷಯದ ಬಗ್ಗೆ ಚರ್ಚೆ ನಡೆಯಲಿ ಎಂಬ ಉದ್ದೇಶ. ಟೀಕೆ ಜೋರಾದ ಮೇಲೆ ಮೇ ತಿಂಗಳಲ್ಲೇ ಹಿಂಪಡೆದು, ಆ ವಂಚನೆಯನ್ನು ಸಹಿಸಿಕೊಂಡದ್ದು ತಮ್ಮ ತಪ್ಪು ನಿರ್ಧಾರ ಎಂದು ಬಹಿರಂಗವಾಗಿ ಒಪ್ಪಿಕೊಂಡರು.

ನೀತಿಯನ್ನೇ ವಿಷಯವಾಗಿಟ್ಟುಕೊಂಡ ಪತ್ರಿಕೆಗೇ ಹೀಗಾಯಿತಲ್ಲ ಎಂದು ಆಗ ಹಲವರು ಹೀಗಳೆದರು. ನನಗೆ ಕಂಡದ್ದು ಬೇರೆ. ಒಂದು ಸಂಸ್ಥೆಗೆ ಫೋನ್ ಮಾಡಿ ‘ಇವರು ನಿಮ್ಮವರೇ?’ ಎಂದು ಕೇಳುವ ಕೆಲಸಕ್ಕೂ ಒಬ್ಬ ಮನುಷ್ಯ ಬೇಕು. ಪ್ರಬಂಧದ ಲೇಖಕ ಸೂಚಿಸಿದ ಪರಿಶೀಲಕರ ಇಮೇಲ್ ನಿಜವೇ, ಚಿತ್ರ ಎಲ್ಲಿಂದಾದರೂ ಎತ್ತಿದ್ದೇ, ಬರಹ ನಕಲೇ, ಇದೆಲ್ಲ ನೋಡಲು ದೊಡ್ಡ ಪಾಶ್ಚಾತ್ಯ ಪತ್ರಿಕೆಗಳಲ್ಲಿ ಸಂಬಳದ ಸಿಬ್ಬಂದಿ ಇದ್ದಾರೆ. ಅವರಿದ್ದೂ 2020ರ ಮೇ 22ರಂದು ‘ಲ್ಯಾನ್ಸೆಟ್’ ಒಂದು ಪ್ರಬಂಧ ಅಚ್ಚು ಹಾಕಿತು: 671 ಆಸ್ಪತ್ರೆ, 96,032 ಕೋವಿಡ್ ರೋಗಿಗಳು, ಮಲೇರಿಯಾದ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಸಾವು ಹೆಚ್ಚು. ಮೂರೇ ದಿನದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಟ್ರಯಲ್‌ನ ಆ ಭಾಗವನ್ನು ನಿಲ್ಲಿಸಿತು. ಅಂಕಿ ಒದಗಿಸಿದ ಸರ್ಜಿಸ್ಫಿಯರ್ ಎಂಬ ಪುಟ್ಟ ಕಂಪನಿ ಮೂಲ ದಾಖಲೆ ತೋರಿಸಲಿಲ್ಲ. ಜೂನ್ 4ರಂದು ಪ್ರಬಂಧ ಹಿಂಪಡೆದದ್ದಾಯಿತು. ಹದಿಮೂರು ದಿನ. 1998ರಲ್ಲಿ ಹನ್ನೆರಡು ಮಕ್ಕಳ ಮೇಲಿನ ಬರಹದಿಂದ, ದಡಾರ ಮುಂತಾದವು ಬಾರದಂತೆ ಮಕ್ಕಳಿಗೆ ಕೊಡುವ ಎಂಎಂಆರ್ ಲಸಿಕೆಯ ಮೇಲೆ ಸಂಶಯ ಬಿತ್ತಿದ ಪ್ರಬಂಧವನ್ನು ಅದೇ ಪತ್ರಿಕೆ ಹಿಂಪಡೆಯಲು ಹನ್ನೆರಡು ವರ್ಷ ತೆಗೆದುಕೊಂಡಿತ್ತು. ಆ ಹೆದರಿಕೆ ಇನ್ನೂ ಹೋಗಿಲ್ಲ.

ಸಂಪಾದಕರ ಕೈ ಎಷ್ಟು ಕಟ್ಟಿದೆ ಎಂದು ತಿಳಿಯಬೇಕಾದರೆ ಮೊರಾದಾಬಾದಿನ ಪ್ರಕರಣ ನೋಡಬೇಕು. ಅಲ್ಲಿನ ಒಬ್ಬ ಖಾಸಗಿ ವೈದ್ಯರು, ಹಣ್ಣು ತರಕಾರಿ ಹೆಚ್ಚಾಗಿ ತಿಂದರೆ ಹೃದಯಾಘಾತವಾದವರು ಬದುಕುವ ಸಂಭವ ಹೆಚ್ಚು ಎಂಬ ಟ್ರಯಲನ್ನು 1992ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದರು. ಆಮೇಲೆ ಸಂಶಯ ಹುಟ್ಟಿತು. ಸಂಪಾದಕರು ಮೂಲ ದಾಖಲೆ ಕೇಳಿದರು, ಒಂದಿಷ್ಟು ಬಂತು, ಒಂದಿಷ್ಟನ್ನು ಗೆದ್ದಲು ತಿಂದಿದೆ ಎಂಬ ಉತ್ತರ ಬಂತು. ಸಂಖ್ಯಾಶಾಸ್ತ್ರಜ್ಞರಿಂದ ಪರೀಕ್ಷೆ ಮಾಡಿಸಿದಾಗ, ಅಂಕಿಗಳು ಕಟ್ಟಿದವು ಇಲ್ಲವೇ ತಿರುಚಿದವು ಎಂಬ ಅಭಿಪ್ರಾಯ ಸಿಕ್ಕಿತು. ಆದರೆ ವಿಚಾರಣೆ ಮಾಡುವವರು ಯಾರು? ಆ ವೈದ್ಯರು ಯಾವ ವಿಶ್ವವಿದ್ಯಾಲಯದ ನೌಕರರೂ ಅಲ್ಲ. ಪತ್ರಿಕೆ ಭಾರತದ ಸಂಸ್ಥೆಗಳ ಬಾಗಿಲು ತಟ್ಟಿತು. ಹೊಣೆ ಹೊರಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ 2005ರಲ್ಲಿ, ಪ್ರಕಟವಾದ ಹದಿಮೂರು ವರ್ಷದ ಮೇಲೆ, ತನಗಿರುವ ಸಂಶಯವನ್ನು ಅಚ್ಚು ಮಾಡಿ ಓದುಗರ ಮುಂದಿಟ್ಟಿತು. ಅದೇ ಹೊತ್ತಿಗೆ ‘ಲ್ಯಾನ್ಸೆಟ್’ ಕೂಡ ಅದೇ ವೈದ್ಯರ 2002ರ ಪ್ರಬಂಧದ ಬಗ್ಗೆ ಇಂಥದೇ ಎಚ್ಚರಿಕೆ ಪ್ರಕಟಿಸಿತು.

ಇಲ್ಲಿದೆ ನೋಡಿ ನಿಜವಾದ ತೊಡಕು. ಸಂಪಾದಕರ ನೀತಿಸಮಿತಿಯಾದ ಕೋಪ್, 1997ರಿಂದ ಹೇಳಿಕೊಂಡು ಬಂದಿರುವ ದಾರಿ ಸ್ಪಷ್ಟ: ಸಂಶಯ ಬಂದರೆ ಲೇಖಕರನ್ನು ಕೇಳಿ, ಉತ್ತರ ತೃಪ್ತಿಕರವಲ್ಲದಿದ್ದರೆ ಅವರ ಸಂಸ್ಥೆಗೆ ಬರೆಯಿರಿ, ವಿಚಾರಣೆ ಸಂಸ್ಥೆಯ ಕೆಲಸ. ಸಂಪಾದಕರು ಪೊಲೀಸರಲ್ಲ, ಅವರಿಗೆ ಕಡತ ವಶಪಡಿಸಿಕೊಳ್ಳುವ ಅಧಿಕಾರ ಇಲ್ಲ, ಸಾಕ್ಷಿ ಕರೆಸುವ ಅಧಿಕಾರ ಇಲ್ಲ. ಅಮೆರಿಕದಲ್ಲಿ ಸರ್ಕಾರಿ ಹಣದ ಆರೋಗ್ಯ ಸಂಶೋಧನೆಗಳ ಮೇಲೆ ನಿಗಾ ಇಡಲು 1992ರಿಂದ ಒಂದು ಕಚೇರಿಯೇ ಇದೆ. ನಮ್ಮಲ್ಲಿ ಅಂಥ ಶಾಸನಬದ್ಧ ಸಂಸ್ಥೆ ಇಲ್ಲ. ಸಂಪಾದಕರು ಡೀನ್‌ಗೆ ಪತ್ರ ಬರೆಯುತ್ತಾರೆ. ಎಷ್ಟೋ ಸಲ ಆ ಪ್ರಬಂಧದ ಕೊನೆಯ ಲೇಖಕರು ಆ ಡೀನ್‌ರೇ ಆಗಿರುತ್ತಾರೆ.

ಈಗ ಹೊಸದೊಂದು ಗಂಟು ಸೇರಿದೆ. 2023ರಲ್ಲಿ ಜಗತ್ತಿನಾದ್ಯಂತ ಹಿಂಪಡೆದ ಪ್ರಬಂಧಗಳ ಸಂಖ್ಯೆ ಹತ್ತು ಸಾವಿರ ದಾಟಿತು. ಎಂಟು ಸಾವಿರಕ್ಕೂ ಹೆಚ್ಚು ಹಿಂದಾವಿ ಎಂಬ ಒಂದೇ ಪ್ರಕಾಶನದವು. ‘ವಿಶೇಷ ಸಂಚಿಕೆ’ ಎಂದು ಅತಿಥಿ ಸಂಪಾದಕರ ಕೈಗೆ ಬೀಗದ ಕೈ ಕೊಟ್ಟು, ಪ್ರಬಂಧ ತಯಾರಿಸಿ ಮಾರುವ ಕಾರ್ಖಾನೆಗಳು ಅದೇ ಬಾಗಿಲಲ್ಲಿ ನುಗ್ಗಿದ ಫಲ ಅದು. ಭಾರತದ ಪಾಲೂ ಸಣ್ಣದಲ್ಲ ಎಂಬ ಆತಂಕದಿಂದ, ಕೇಂದ್ರ ಸರ್ಕಾರ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೊಡುವ 2025ರ ಎನ್‌ಐಆರ್‌ಎಫ್ ಶ್ರೇಯಾಂಕದಿಂದ, ಹಿಂಪಡೆದ ಪ್ರಬಂಧಗಳಿಗೆ ಸಂಸ್ಥೆಯ ಅಂಕ ಕಳೆಯುವ ಕ್ರಮ ತಂದಿದ್ದಾರೆ. ಉದ್ದೇಶ ಒಳ್ಳೆಯದು, ಪರಿಣಾಮದ ಬಗ್ಗೆ ನನಗೆ ಭಯವಿದೆ. ಪ್ರಾಮಾಣಿಕ ಲೇಖಕರು ತಾವೇ ತಪ್ಪು ಕಂಡು ಹಿಂಪಡೆಯುವುದೂ ಉಂಟು. ವಂಚಕರು ಸಿಕ್ಕಿಬೀಳುವುದೂ ಉಂಟು. ಎರಡಕ್ಕೂ ಒಂದೇ ದಂಡ ವಿಧಿಸಿದರೆ, ಸಂಪಾದಕರ ಪತ್ರ ಬಂದ ಕೂಡಲೇ ಕಾಲೇಜು ವಿಚಾರಣೆ ಮಾಡುವ ಬದಲು ವಿಷಯ ಮುಚ್ಚಿಹಾಕಲು ನೋಡುತ್ತದೆ. ಅಂಕ ಕಳೆಯಬೇಕಾದದ್ದು ಸಂಪಾದಕರ ಪತ್ರಕ್ಕೆ ಉತ್ತರಿಸದ ಸಂಸ್ಥೆಗೆ.

ಹಣದ ಒತ್ತಡದ ಬಗ್ಗೆ ಹೇಳದೆ ಈ ಮಾತು ಪೂರ್ತಿಯಾಗದು. ನೋವಿನ ಮಾತ್ರೆ ವಯಾಕ್ಸ್‌ನ ದೊಡ್ಡ ಟ್ರಯಲ್ 2000ದಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಅಚ್ಚಾದಾಗ ಮೂರು ಹೃದಯಾಘಾತಗಳು ಲೆಕ್ಕದಿಂದ ಬಿಟ್ಟುಹೋಗಿದ್ದವು. ಆ ಪ್ರಬಂಧದ ಒಂಬತ್ತು ಲಕ್ಷಕ್ಕೂ ಹೆಚ್ಚು ಬಿಡಿಪ್ರತಿಗಳನ್ನು ಪತ್ರಿಕೆ ಮಾರಿತ್ತು, ಹೆಚ್ಚಿನವು ಔಷಧದ ಕಂಪನಿಗೇ. ಡಾಕ್ಟರುಗಳಿಗೆ ಹಂಚಲು. ಔಷಧ 2004ರಲ್ಲಿ ಮಾರುಕಟ್ಟೆಯಿಂದ ಹೋಯಿತು. ಪತ್ರಿಕೆ ಕಳವಳ ಪ್ರಕಟಿಸಿದ್ದು 2005ರ ಡಿಸೆಂಬರ್‌ನಲ್ಲಿ. ಬಿಡಿಪ್ರತಿಯ ಆದಾಯದಿಂದಲೇ ತಡವಾಯಿತು ಎಂದು ನಾನು ಹೇಳಲಾರೆ. ಆದರೆ ಯಾವ ಪ್ರಬಂಧದಿಂದ ಎಷ್ಟು ಆದಾಯ ಬಂತು ಎಂಬುದು ಓದುಗರಿಗೆ ತಿಳಿಯಬೇಕು. ಲೇಖಕರ ಹಿತಾಸಕ್ತಿ ಬಹಿರಂಗಪಡಿಸಿ ಎನ್ನುವ ಪತ್ರಿಕೆ ತನ್ನದನ್ನೂ ಬಹಿರಂಗಪಡಿಸಬೇಕಲ್ಲವೇ?

ಒಡೆಯರ ಒತ್ತಡ ಇನ್ನೊಂದು ಬಗೆಯದು. 1999ರ ಜನವರಿಯಲ್ಲಿ ಅಮೆರಿಕದ ವೈದ್ಯ ಸಂಘ ತನ್ನ ಪತ್ರಿಕೆಯ ಸಂಪಾದಕ ಜಾರ್ಜ್ ಲುಂಡ್‌ಬರ್ಗ್‌ರನ್ನು ತೆಗೆದುಹಾಕಿತು. 2006ರ ಫೆಬ್ರುವರಿಯಲ್ಲಿ ಕೆನಡಾದ ವೈದ್ಯ ಸಂಘದ ಪತ್ರಿಕೆಯಿಂದ ಜಾನ್ ಹೋಯ್ ಹೊರಬಿದ್ದರು. ಎರಡೂ ಕಡೆ ಸಂಘಕ್ಕೆ ಇರಿಸುಮುರಿಸಾಗುವ ಬರಹಗಳು ಬಂದಿದ್ದವು. ನಮ್ಮ ದೇಶದ ಹೆಚ್ಚಿನ ವೈದ್ಯಕೀಯ ಪತ್ರಿಕೆಗಳು ಇಂಥ ಸಂಘಗಳವೇ. ಎರಡು ಮೂರು ವರ್ಷಕ್ಕೊಮ್ಮೆ ಪದಾಧಿಕಾರಿಗಳ ಚುನಾವಣೆ, ಅದರ ಜೊತೆಗೆ ಸಂಪಾದಕರೂ ಬದಲು. ಕೆಲಸ ಕಲಿಯುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಸಂಘದ ಅಧ್ಯಕ್ಷರ ಪ್ರಬಂಧವನ್ನು ತಿರಸ್ಕರಿಸಲು ಅಂಥವರಿಗೆ ಎಷ್ಟು ಧೈರ್ಯ ಬೇಕು, ಯೋಚಿಸಿ.

ಇನ್ನು ಕೋರ್ಟು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಶೋಧಕರು ಕೋವ್ಯಾಕ್ಸಿನ್ ಪಡೆದ 926 ಮಂದಿಯಲ್ಲಿ ಅಡ್ಡಪರಿಣಾಮಗಳನ್ನು ಗಮನಿಸಿ ಬರೆದ ಪ್ರಬಂಧ 2024ರ ಮೇನಲ್ಲಿ ‘ಡ್ರಗ್ ಸೇಫ್ಟಿ’ಯಲ್ಲಿ ಬಂತು. ಹೋಲಿಕೆಗೆ ಲಸಿಕೆ ಪಡೆಯದವರ ಗುಂಪಿಲ್ಲ ಎಂಬುದು ಅದರ ದೊಡ್ಡ ಕೊರತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಆಕ್ಷೇಪಿಸಿತು, ಲಸಿಕೆಯ ಕಂಪನಿ ಹೈದರಾಬಾದಿನ ನ್ಯಾಯಾಲಯದಲ್ಲಿ ಲೇಖಕರ ಜೊತೆಗೆ ಸಂಪಾದಕರ ಮೇಲೂ ಮಾನನಷ್ಟ ದಾವೆ ಹೂಡಿತು, ಸೆಪ್ಟೆಂಬರ್‌ನಲ್ಲಿ ಪ್ರಬಂಧ ಹಿಂಪಡೆಯಲಾಯಿತು. ಕೊರತೆಯನ್ನು ಪರಿಶೀಲನೆಯ ಹಂತದಲ್ಲೇ ಹಿಡಿಯಬೇಕಿತ್ತು, ಅದು ಪತ್ರಿಕೆಯ ಲೋಪ. ಆದರೆ ವಿಜ್ಞಾನದ ದೋಷಕ್ಕೆ ಉತ್ತರ ಅದೇ ಪತ್ರಿಕೆಯ ಪುಟಗಳಲ್ಲಿ ಬರಬೇಕು. ಕೋಟಿಗಟ್ಟಲೆ ಪರಿಹಾರದ ನೋಟಿಸು ಬರುತ್ತದೆ ಎಂದಾದರೆ ಮುಂದೆ ಯಾವ ಸಂಪಾದಕರೂ ಲಸಿಕೆಯ, ಔಷಧದ ಅಡ್ಡಪರಿಣಾಮದ ಬರಹವನ್ನು ಮುಟ್ಟುವುದಿಲ್ಲ, ನಿಜವಾದದ್ದನ್ನೂ.

ಪುಟಗಳಲ್ಲೇ ಉತ್ತರಿಸುವುದು ಹೇಗೆಂದು ಮುಂಬಯಿ ತೋರಿಸಿದೆ. ಟಾಟಾ ಮೆಮೋರಿಯಲ್ ಆಸ್ಪತ್ರೆ 1998ರಿಂದ ಇಲ್ಲಿನ ಬಸ್ತಿಗಳಲ್ಲಿ ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ ಅಧ್ಯಯನ ನಡೆಸಿತು. ಒಂದು ಗುಂಪಿಗೆ ಆರೋಗ್ಯ ಕಾರ್ಯಕರ್ತೆಯರು ವಿನೆಗರ್ ಹಚ್ಚಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಿದರು, ಇನ್ನೊಂದಕ್ಕೆ ತಿಳಿವಳಿಕೆ ಮಾತ್ರ. ತಪಾಸಣೆಯಾದ ಗುಂಪಿನಲ್ಲಿ ಆ ಕ್ಯಾನ್ಸರ್‌ನ ಸಾವು ನೂರಕ್ಕೆ ಮೂವತ್ತೊಂದರಷ್ಟು ಕಡಿಮೆಯಾಯಿತು. 2014ರಲ್ಲಿ ಪ್ರಬಂಧ ಅಮೆರಿಕದ ಪತ್ರಿಕೆಯಲ್ಲಿ ಬಂತು. ಬಡ ದೇಶಗಳಿಗೆಲ್ಲ ದಾರಿ ತೋರಿದ ಕೆಲಸ. ಆದರೆ ತಪಾಸಣೆ ಸಿಗದ ಗುಂಪಿನ ಹೆಂಗಸರಿಗೆ, ಇಂಥ ತಪಾಸಣೆ ಜಗತ್ತಿನಲ್ಲಿದೆ ಎಂದು ಸರಿಯಾಗಿ ತಿಳಿಸಿದ್ದರೇ ಎಂಬ ಪ್ರಶ್ನೆ ಎದ್ದಿತು. ಮುಂಬಯಿಯ ನೀತಿ ಪತ್ರಿಕೆ ಆ ಟೀಕೆಯನ್ನೂ ಹಾಕಿತು, ಸಂಶೋಧಕರ ಉತ್ತರವನ್ನೂ ಹಾಕಿತು. ಬಸ್ತಿಗಳಲ್ಲಿ ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೆ ನಿಂತ ನಮ್ಮ ಹೆಣ್ಣುಮಕ್ಕಳಿದ್ದಾರೆ. ಮರಾಠಿಯಲ್ಲೋ ಹಿಂದಿಯಲ್ಲೋ ಇರುವ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಾಗ ಆಕೆಗೆ ಏನು ಅರ್ಥವಾಗಿತ್ತು ಎಂದು ಸಂಪಾದಕರು ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ. ಒಪ್ಪಿಗೆಯನ್ನು ಯಾವ ಭಾಷೆಯಲ್ಲಿ ಪಡೆದಿರಿ ಎಂಬ ಒಂದು ಸಾಲನ್ನು ಪ್ರತಿ ಪ್ರಬಂಧದಲ್ಲೂ ಕಡ್ಡಾಯ ಮಾಡಬೇಕು.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಕೆಲಸ ಇನ್ನೂ ಬಿಗಿಯಾಗಿದೆ. ಯಂತ್ರ ಲೇಖಕನಾಗಲಾರದು, ಪರಿಶೀಲಕರು ಇತರರ ಅಪ್ರಕಟಿತ ಹಸ್ತಪ್ರತಿಯನ್ನು ಚಾಟ್‌ಬಾಟ್‌ಗೆ ಸುರಿಯಬಾರದು ಎಂದು ಸಂಪಾದಕರ ಅಂತರರಾಷ್ಟ್ರೀಯ ಸಮಿತಿ 2023ರಲ್ಲೇ ಹೇಳಿದೆ. ಇಲ್ಲದ ಆಕರಗಳನ್ನು ಯಂತ್ರ ಸೃಷ್ಟಿಸಿ ಕೊಡುತ್ತದಾದ್ದರಿಂದ, ಈಗ ಪ್ರತಿಯೊಂದು ಆಕರವನ್ನೂ ತೆರೆದು ನೋಡುವವರೊಬ್ಬರು ಬೇಕು.

ಮತ್ತೆ ಅಲ್ಲಿಗೇ ಬಂದೆವು: ಆ ಒಬ್ಬರು ಎಲ್ಲಿದ್ದಾರೆ? ವಿದೇಶಿ ಪತ್ರಿಕೆಗಳನ್ನು ನಮ್ಮ ವಿದ್ಯಾರ್ಥಿಗಳು ಓದಲೆಂದು ಕೇಂದ್ರ ಸರ್ಕಾರ 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಎತ್ತಿಟ್ಟಿದೆ. 30 ಪ್ರಕಾಶಕರ ಹದಿಮೂರು ಸಾವಿರದಷ್ಟು ಪತ್ರಿಕೆಗಳು. ಓದುವುದು ಬೇಕು, ನನ್ನ ತಕರಾರಿಲ್ಲ. ಅದರ ಒಂದು ಸಣ್ಣ ಪಾಲನ್ನು ಇಲ್ಲಿನ ಪತ್ರಿಕೆಗಳಿಗೆ ಕೊಟ್ಟರೆ, ನಾಲ್ಕೈದು ಪತ್ರಿಕೆಗಳಿಗೆ ಸೇರಿ ಒಬ್ಬ ಸಂಖ್ಯಾಶಾಸ್ತ್ರಜ್ಞ, ಕಾಗದಪತ್ರ ತಾಳೆ ನೋಡುವ ಇಬ್ಬರು ಪೂರ್ಣಾವಧಿ ಸಿಬ್ಬಂದಿ ಸಿಗುತ್ತಾರೆ. ಸಂಪಾದಕರಾಗಿರುವ ಅಧ್ಯಾಪಕರಿಗೆ ವಾರಕ್ಕೆ ಒಂದು ದಿನ ಒಪಿಡಿಯಿಂದ ಬಿಡುವು ಕೊಡಬಹುದು. ಸಂಪಾದಕತ್ವವನ್ನು ಬಡ್ತಿಗೆ ಲೆಕ್ಕ ಹಾಕಬಹುದು. ಕನಿಷ್ಠ ಐದು ವರ್ಷದ ಅವಧಿ, ಕಾರಣ ಹೇಳದೆ ತೆಗೆಯುವಂತಿಲ್ಲ ಎಂಬ ಬರಹದ ಕರಾರು, ದಾವೆ ಬಿದ್ದರೆ ವಕೀಲರ ಖರ್ಚು ಒಡೆಯರ ಹೊಣೆ ಎಂಬ ಮಾತು ಅದರಲ್ಲೇ ಇರಲಿ. ಇದ್ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ. ಕಾನೂನು ಬೇಕಾಗಿರುವುದು ವಿಚಾರಣೆಗೆ. ಸಂಪಾದಕರ ದೂರು ಬಂದ ಇಷ್ಟು ದಿನದೊಳಗೆ ಮೂಲ ದಾಖಲೆ ತರಿಸಿಕೊಂಡು ನೋಡಿ, ತೀರ್ಮಾನವನ್ನು ಬಹಿರಂಗವಾಗಿ ತಿಳಿಸಬೇಕಾದ, ಕಾಲೇಜಿನ ಆಡಳಿತದಿಂದ ಹೊರಗಿನ ಒಂದು ಪ್ರಾಧಿಕಾರ. ಖಾಸಗಿ ನರ್ಸಿಂಗ್ ಹೋಮಿನಲ್ಲಿ ನಡೆದ ಅಧ್ಯಯನವೂ ಅದರ ವ್ಯಾಪ್ತಿಗೆ ಬರಬೇಕು. ಆ ಪ್ರಾಧಿಕಾರ ಇಲ್ಲದಿರುವ ತನಕ, 2.33ರ ಆ ಹಸ್ತಪ್ರತಿಯನ್ನು ತಿರಸ್ಕರಿಸಿದ ಸಂಪಾದಕರು ಕೊನೇಪಕ್ಷ ಸಂಬಂಧಪಟ್ಟ ಎಥಿಕ್ಸ್ ಕಮಿಟಿಗೆ ಒಂದು ಪತ್ರ ಬರೆದು, ಅದರ ಪ್ರತಿಯನ್ನು ತಮ್ಮ ಕಡತದಲ್ಲಿ ಇಟ್ಟುಕೊಳ್ಳಲಿ. ನಾಳೆ ಯಾರಾದರೂ ಕೇಳಿದಾಗ ತೋರಿಸಲು ಒಂದು ದಾಖಲೆ ಇರುತ್ತದೆ.